ಬಂಡೆ ಏರುವ ರಿಮೋಟ್ ವಾಹನಕ್ಕೆ ಸ್ಟಿಯರಿಂಗ್ ಸರ್ವೋ: ಆಯ್ಕೆ ಮತ್ತು ಪರೀಕ್ಷೆ

ರಿಮೋಟಿನಿಂದ ಓಡುವ ಕಾರು ನಮ್ಮ ಮನೆಗಳಿಗೆ ಹೊಸತೇನಲ್ಲ. ಹುಟ್ಟುಹಬ್ಬಕ್ಕೆ ಬಂದು, ನಾಲ್ಕು ದಿನ ಹಜಾರದ ತುಂಬ ಓಡಾಡಿ, ಐದನೆಯ ದಿನ ಅಟ್ಟ ಸೇರುವ ವಸ್ತು ಅದು. ಆದರೆ ನಮ್ಮ ಮಹಾನಗರಗಳ ಕನ್ನಡ ಕುಟುಂಬಗಳಲ್ಲಿ ಈಗ ಬೇರೊಂದು ಬಗೆಯ ರಿಮೋಟ್ ವಾಹನವೂ ಕಾಣಸಿಗುತ್ತಿದೆ. ಇದರಲ್ಲಿ ವೇಗಕ್ಕೆ ಬೆಲೆಯಿಲ್ಲ, ತಾಳ್ಮೆಗೆ ಬೆಲೆ. ನಡೆಯುವ ಮನುಷ್ಯನಿಗಿಂತಲೂ ನಿಧಾನವಾಗಿ, ಒಂದೊಂದೇ ಗಾಲಿಯನ್ನು ಕಲ್ಲಿನ ಮೇಲಿಟ್ಟು, ತೆವಳುತ್ತ ಬಂಡೆ ಏರುವ ಈ ವಾಹನಕ್ಕೆ ‘ರಾಕ್ ಕ್ರಾಲರ್’ ಎಂದು ಹೆಸರು.

ಈ ವಾಹನದಲ್ಲಿ ಅತಿ ಹೆಚ್ಚು ದುಡಿಯುವ, ಅತಿ ಬೇಗ ಕೆಡುವ ಹಾಗೂ ಅತಿ ಹೆಚ್ಚು ತಪ್ಪು ತಿಳಿವಳಿಕೆಗೆ ಒಳಗಾಗಿರುವ ಭಾಗವೆಂದರೆ ಮುಂದಿನ ಗಾಲಿಗಳನ್ನು ತಿರುಗಿಸುವ ಸ್ಟಿಯರಿಂಗ್ ಸರ್ವೋ. ಅದನ್ನು ಆರಿಸುವುದು ಹೇಗೆ, ಕೊಂಡ ಮೇಲೆ ಮನೆಯಲ್ಲಿಯೇ ಪರೀಕ್ಷಿಸುವುದು ಹೇಗೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಕ್ರಮವಾಗಿ ವಿವರಿಸಲು ಯತ್ನಿಸಿದ್ದೇವೆ.

ಈ ಲೇಖನಕ್ಕೆ ಕಾರಣವಾದ ಪ್ರಸಂಗವನ್ನು ಮೊದಲಿಗೆ ಹೇಳಬೇಕು. ನಮಗೆ ಪರಿಚಿತವಾದ ಪುಣೆಯ ಒಂದು ಕನ್ನಡ ಕುಟುಂಬದಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬ ಕೂಡಿಟ್ಟ ಹಣದಿಂದ ಇಂಥ ವಾಹನವೊಂದನ್ನು ಕೊಂಡಿದ್ದ. ಗಾಲಿ ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಾಗಲೆಲ್ಲ ಸ್ಟಿಯರಿಂಗ್ ನಿಂತುಬಿಡುತ್ತಿತ್ತು. ಎರಡು ಕ್ಷಣ ಇಡೀ ವಾಹನವೇ ಸತ್ತಂತಾಗಿ ಮತ್ತೆ ಜೀವ ಬರುತ್ತಿತ್ತು. ಸರ್ವೋ ದುರ್ಬಲವೆಂದು ಅಂಗಡಿಯವರು ಹೇಳಿದರು. ಹುಡುಗ ಹೆಚ್ಚು ಬಲದ ಸರ್ವೋ ಕೊಂಡ. ತೊಂದರೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಇನ್ನೂ ದುಬಾರಿಯಾದ ಮೂರನೆಯದನ್ನು ಕೇಳಿದಾಗ ಮನೆಯಲ್ಲಿ ಬೈಗುಳ ಬಿತ್ತು. ವಾಹನ ಅಟ್ಟ ಸೇರಿತು. ನಿಜವಾಗಿ ಕೆಟ್ಟದ್ದು ಸರ್ವೋ ಆಗಿರಲಿಲ್ಲ. ಅದಕ್ಕೆ ಬೇಕಾದಷ್ಟು ವಿದ್ಯುತ್ತು ಸಿಗುತ್ತಿರಲಿಲ್ಲ, ಅಷ್ಟೆ. ಹತ್ತು ನಿಮಿಷದ ಒಂದು ಪರೀಕ್ಷೆ ಮಾಡಿದ್ದರೆ ಎರಡನೆಯ ಸರ್ವೋದ ಹಣವೂ ಹುಡುಗನ ಉತ್ಸಾಹವೂ ಉಳಿಯುತ್ತಿದ್ದವು.

ಆದ್ದರಿಂದ ಈ ಲೇಖನದ ಸಾರವನ್ನು ಮೊದಲೇ ಹೇಳಿಬಿಡುತ್ತೇವೆ: ಸರ್ವೋ ಮತ್ತು ಅದಕ್ಕೆ ವಿದ್ಯುತ್ತು ಕೊಡುವ ವ್ಯವಸ್ಥೆ ಒಂದು ಜೋಡಿ. ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಲೂಬಾರದು, ಪರೀಕ್ಷಿಸಲೂಬಾರದು.

ರಾಕ್ ಕ್ರಾಲರ್‌ನ ವೈಶಿಷ್ಟ್ಯ

ಅಮೆರಿಕದ ಕ್ಯಾಲಿಫೋರ್ನಿಯಾದ ರೂಬಿಕನ್ ಟ್ರೇಲ್, ಯೂಟಾದ ಮೋಅಬ್ ಮುಂತಾದ ಕಡೆಗಳಲ್ಲಿ ನಿಜವಾದ ಜೀಪುಗಳಲ್ಲಿ ಬಂಡೆ ಏರುವ ಹವ್ಯಾಸ ದಶಕಗಳಿಂದ ಇದೆ. ಅದರ ಕಿರುರೂಪವೇ ಈ ರಿಮೋಟ್ ವಾಹನ. ಆಕ್ಸಿಯಲ್ ಸಂಸ್ಥೆ 2009ರಲ್ಲಿ ಹೊರತಂದ ಎಸ್‌ಸಿಎಕ್ಸ್10 ಹಾಗೂ ಟ್ರಾಕ್ಸಸ್ ಸಂಸ್ಥೆ 2017ರಲ್ಲಿ ಹೊರತಂದ ಟಿಆರ್‌ಎಕ್ಸ್-4 ಈ ಬಗೆಯ ಹೆಸರಾಂತ ವಾಹನಗಳು. ಇವೆರಡೂ ನಿಜವಾದ ವಾಹನದ ಹತ್ತನೆಯ ಒಂದು ಅಳತೆಯವು. ಅಂಗೈ ಮೇಲೆ ಕೂರುವ ಇಪ್ಪತ್ತನಾಲ್ಕನೆಯ ಒಂದು ಅಳತೆಯ ವಾಹನಗಳೂ ಇವೆಯಾದರೂ ಅವುಗಳ ಸರ್ವೋ ತೀರ ಚಿಕ್ಕ ಗಾತ್ರದ್ದು. ಇಲ್ಲಿ ಹೇಳುವುದೆಲ್ಲ ಹತ್ತನೆಯ ಒಂದು ಅಳತೆಯ ವಾಹನಗಳಿಗೆ ಸಂಬಂಧಿಸಿದ್ದು.

ರಸ್ತೆಯ ಮೇಲೆ ಓಡುವ ವಾಹನದಲ್ಲಿ ಗಾಲಿಗಳು ಉರುಳುತ್ತಿರುವಾಗಲೇ ತಿರುಗುತ್ತವೆ; ಹೀಗಾಗಿ ಸರ್ವೋಗೆ ಶ್ರಮ ಕಡಿಮೆ. ಕ್ರಾಲರ್ ಹಾಗಲ್ಲ. ಹೆಚ್ಚಿನ ಸಮಯ ಅದು ನಿಂತಲ್ಲಿಯೇ ಗಾಲಿ ತಿರುಗಿಸಬೇಕಾಗುತ್ತದೆ. ಟೈರು ಮೆತ್ತನೆಯ ರಬ್ಬರಿನದಾಗಿದ್ದು ಕಲ್ಲನ್ನು ಅಂಟಿದಂತೆ ಹಿಡಿಯುತ್ತದೆ. ಏರು ಹತ್ತುವಾಗ ಹಿಂದಕ್ಕೆ ಮಗುಚದಿರಲೆಂದು ವಾಹನದ ಭಾರವನ್ನು ಮುಂಭಾಗಕ್ಕೆ ಹೆಚ್ಚು ಬರುವಂತೆ ಜೋಡಿಸಿರುತ್ತಾರೆ. ಅನೇಕರು ಮುಂದಿನ ಗಾಲಿಗಳ ಬಳಿ ಹಿತ್ತಾಳೆಯ ತೂಕಗಳನ್ನೂ ಸೇರಿಸುತ್ತಾರೆ. ಮೇಲಾಗಿ ಎಡ ಬಲ ಗಾಲಿಗಳನ್ನು ಒಂದೇ ವೇಗದಲ್ಲಿ ತಿರುಗುವಂತೆ ಬಿಗಿದಿರುವುದರಿಂದ ಪ್ರತಿ ತಿರುವಿನಲ್ಲಿಯೂ ಒಂದು ಟೈರು ಉಜ್ಜಿಕೊಂಡೇ ಸಾಗಬೇಕು. ಹೈದರಾಬಾದಿನ ಒರಟು ಗ್ರಾನೈಟ್ ಬಂಡೆಯಾಗಲಿ, ಪುಣೆಯ ಸುತ್ತಲಿನ ಕಪ್ಪು ಬಸಾಲ್ಟ್ ಕಲ್ಲಾಗಲಿ, ಈ ಎಲ್ಲ ಹೊರೆ ಬೀಳುವುದು ಬೆಂಕಿಪೊಟ್ಟಣಕ್ಕಿಂತ ತುಸು ದಪ್ಪನಾದ ಒಂದು ಪೆಟ್ಟಿಗೆಯ ಮೇಲೆ.

ಸರ್ವೋದ ಒಳಗೆ

ಸಾಮಾನ್ಯ ಗಾತ್ರದ ಸರ್ವೋ ಸುಮಾರು 40 ಮಿ.ಮೀ. ಉದ್ದ, 20 ಮಿ.ಮೀ. ಅಗಲ ಹಾಗೂ 40 ಮಿ.ಮೀ. ಎತ್ತರ ಇರುತ್ತದೆ. ಅದರೊಳಗೆ ನಾಲ್ಕು ಭಾಗಗಳಿವೆ: ಒಂದು ಸಣ್ಣ ಮೋಟಾರು, ಅದರ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಗೇರುಗಳ ಸಾಲು, ಹೊರಗಿನ ದಂಡ ಈಗ ಯಾವ ಕೋನದಲ್ಲಿದೆ ಎಂದು ತಿಳಿಸುವ ಪೊಟೆನ್ಷಿಯೋಮೀಟರ್ ಹಾಗೂ ಇವೆಲ್ಲವನ್ನೂ ನಿಯಂತ್ರಿಸುವ ಸರ್ಕ್ಯೂಟು.

ನಮ್ಮ ಕೈಯ ರಿಮೋಟಿನ ಆಜ್ಞೆಯನ್ನು ವಾಹನದೊಳಗಿನ ರಿಸೀವರ್ ಪಡೆದು, ಸೆಕೆಂಡಿಗೆ ಸಾಮಾನ್ಯವಾಗಿ 50 ಬಾರಿ ಒಂದು ಚಿಕ್ಕ ವಿದ್ಯುತ್ ಮಿಡಿತವನ್ನು ಸರ್ವೋಗೆ ಕಳುಹಿಸುತ್ತದೆ. ಮಿಡಿತದ ಉದ್ದ 1.5 ಮಿಲಿಸೆಕೆಂಡ್ ಇದ್ದರೆ ನಡುಮಧ್ಯೆ. 1 ಮಿಲಿಸೆಕೆಂಡ್‌ಗೆ ಇಳಿದರೆ ಒಂದು ಬದಿಗೆ, 2 ಮಿಲಿಸೆಕೆಂಡ್‌ಗೆ ಏರಿದರೆ ಇನ್ನೊಂದು ಬದಿಗೆ. ಕೇಳಿದ ಕೋನಕ್ಕೂ ಇರುವ ಕೋನಕ್ಕೂ ವ್ಯತ್ಯಾಸವಿರುವವರೆಗೆ ಸರ್ಕ್ಯೂಟು ಮೋಟಾರನ್ನು ತಿರುಗಿಸುತ್ತಲೇ ಇರುತ್ತದೆ.

ಈ ಕೊನೆಯ ಮಾತು ಬಹು ಮುಖ್ಯವಾದುದು. ಗಾಲಿ ಕಲ್ಲಿಗೆ ಸಿಕ್ಕಿ ಅಲುಗದಿದ್ದರೂ ಸರ್ವೋ ಸೋಲೊಪ್ಪುವುದಿಲ್ಲ; ತಳ್ಳುತ್ತಲೇ ಇರುತ್ತದೆ. ತಿರುಗುತ್ತಿರುವ ಮೋಟಾರು ತನ್ನೊಳಗೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸಿಕೊಂಡು ವಿದ್ಯುತ್ತಿನ ಹರಿವನ್ನು ಮಿತಿಯಲ್ಲಿಡುತ್ತದೆ. ನಿಂತ ಮೋಟಾರಿಗೆ ಆ ತಡೆಯೇ ಇಲ್ಲ. ಆದ್ದರಿಂದ ಗಾಲಿ ನಿಂತ ಕ್ಷಣದಲ್ಲಿಯೇ ಸರ್ವೋ ಅತಿ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಹಾಗೆ ಎಳೆದದ್ದೆಲ್ಲ ಬಿಸಿಯಾಗಿ ಮಾರ್ಪಡುತ್ತದೆ. ಈ ಸ್ಥಿತಿಗೆ ‘ಸ್ಟಾಲ್’ ಎನ್ನುತ್ತಾರೆ. ಉಳಿದ ವಾಹನಗಳಿಗೆ ಸ್ಟಾಲ್ ಅಪರೂಪ. ಕ್ರಾಲರ್‌ಗೆ ಅದು ನಿತ್ಯದ ಪಾಡು.

ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದುವ ಬಗೆ

ಸರ್ವೋದ ತಿರುಗಿಸುವ ಬಲಕ್ಕೆ ‘ಟಾರ್ಕ್’ ಎನ್ನುತ್ತಾರೆ. ಅದನ್ನು ಕೆ.ಜಿ.-ಸೆಂ.ಮೀ. ಲೆಕ್ಕದಲ್ಲಿ ಹೇಳುವುದು ರೂಢಿ. ಅಂಗಡಿಯಲ್ಲಿ ‘ಇಪ್ಪತ್ತು ಕೆ.ಜಿ. ಸರ್ವೋ’ ಎಂದರೆ, ದಂಡದ ನಡುವಿನಿಂದ 1 ಸೆಂ.ಮೀ. ದೂರದಲ್ಲಿ 20 ಕೆ.ಜಿ. ತೂಕವನ್ನು ತಡೆಯಬಲ್ಲದು ಎಂದರ್ಥ. ಅದೇ ಸರ್ವೋ 2 ಸೆಂ.ಮೀ. ದೂರದಲ್ಲಿ 10 ಕೆ.ಜಿ. ಮಾತ್ರ, 4 ಸೆಂ.ಮೀ. ದೂರದಲ್ಲಿ 5 ಕೆ.ಜಿ. ಮಾತ್ರ ತಡೆಯಬಲ್ಲದು. ಬಾಗಿಲನ್ನು ಕೀಲಿನ ಹತ್ತಿರ ನೂಕುವುದು ಕಷ್ಟ, ಹಿಡಿಕೆಯ ಬಳಿ ನೂಕುವುದು ಸುಲಭ ಎಂಬ ತತ್ತ್ವವೇ ಇಲ್ಲಿಯೂ ಇದೆ. ಅಮೆರಿಕದ ಪೆಟ್ಟಿಗೆಗಳಲ್ಲಿ ಔನ್ಸ್-ಇಂಚಿನ ಲೆಕ್ಕ ಇರುತ್ತದೆ, 1 ಕೆ.ಜಿ.-ಸೆಂ.ಮೀ. ಎಂದರೆ ಸುಮಾರು 13.9 ಔನ್ಸ್-ಇಂಚು. ಹೀಗಾಗಿ 278 ಎಂದು ಬರೆದಿದ್ದರೆ ಅದು ನಮ್ಮ ಇಪ್ಪತ್ತು ಕೆ.ಜಿ.ಯೇ; ದೊಡ್ಡ ಅಂಕಿ ಕಂಡು ಬೆರಗಾಗಬೇಕಿಲ್ಲ.

ಎರಡನೆಯದಾಗಿ, ಪೆಟ್ಟಿಗೆಯ ಮೇಲಿನ ಟಾರ್ಕ್ ಸಾಮಾನ್ಯವಾಗಿ ಸ್ಟಾಲ್ ಸ್ಥಿತಿಯದು. ಸರ್ವೋ ತಡೆದು ನಿಲ್ಲುವಾಗಿನ ಗರಿಷ್ಠ ಬಲವೇ ಹೊರತು ಗಂಟೆಗಟ್ಟಲೆ ದುಡಿಯಬಲ್ಲ ಬಲವಲ್ಲ. ಅದರಲ್ಲಿ ಮೂರನೆಯ ಒಂದು ಭಾಗವನ್ನು ಮಾತ್ರ ನಿರಾಯಾಸದ ದುಡಿಮೆಯೆಂದು ಎಣಿಸುವುದು ಕ್ಷೇಮವೆಂಬುದು ನಮ್ಮ ಅಭಿಪ್ರಾಯ.

ಮೂರನೆಯದಾಗಿ, ಆ ಅಂಕಿ ಯಾವ ವೋಲ್ಟೇಜಿನದು ಎಂಬುದನ್ನು ನೋಡಬೇಕು. ಶಾಲೆಯ ರೋಬೋಟ್ ಪ್ರಯೋಗಗಳಲ್ಲಿ ಬಳಸುವ, ನಮ್ಮ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲೆಲ್ಲ ಸಿಗುವ ಎಂಜಿ996ಆರ್ ಎಂಬ ಸರ್ವೋವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ವಿವರಪಟ್ಟಿಯಂತೆ 4.8 ವೋಲ್ಟ್‌ನಲ್ಲಿ 9.4 ಕೆ.ಜಿ.-ಸೆಂ.ಮೀ.; 6 ವೋಲ್ಟ್‌ನಲ್ಲಿ 11 ಕೆ.ಜಿ.-ಸೆಂ.ಮೀ. ಸ್ಟಾಲ್ ಸ್ಥಿತಿಯಲ್ಲಿ ಅದು 6 ವೋಲ್ಟ್‌ಗೆ 2.5 ಆಂಪಿಯರ್ ಎಳೆಯುತ್ತದೆ, ಅಂದರೆ 15 ವ್ಯಾಟ್. 55 ಗ್ರಾಂ ತೂಕದ ಪುಟ್ಟ ಪೆಟ್ಟಿಗೆಯೊಳಗೆ 15 ವ್ಯಾಟ್ ಬಿಸಿ ಹುಟ್ಟಿದರೆ ಅದು ಎಷ್ಟು ಹೊತ್ತು ಬಾಳೀತು ಎಂಬುದನ್ನು ಓದುಗರೇ ಊಹಿಸಬಹುದು.

ನಾಲ್ಕನೆಯ ಅಂಕಿ ವೇಗದ್ದು. 60 ಡಿಗ್ರಿ ತಿರುಗಲು ಎಷ್ಟು ಸೆಕೆಂಡ್ ಬೇಕೆಂದು ಅದು ಹೇಳುತ್ತದೆ. ಪಂದ್ಯದ ಕಾರುಗಳಿಗೆ 0.10 ಸೆಕೆಂಡ್ ಅಥವಾ ಅದಕ್ಕೂ ಕಡಿಮೆ ಬೇಕಾದೀತು. ಕ್ರಾಲರ್‌ಗೆ 0.15ರಿಂದ 0.20 ಸೆಕೆಂಡ್ ಧಾರಾಳವಾಗಿ ಸಾಕು. ವೇಗಕ್ಕಾಗಿ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ.

ಎಷ್ಟು ಟಾರ್ಕ್ ಸಾಕು?

ಹತ್ತನೆಯ ಒಂದು ಅಳತೆಯ, 1.9 ಇಂಚಿನ ಗಾಲಿಯ, ಹೆಚ್ಚುವರಿ ತೂಕ ಹಾಕದ ವಾಹನಕ್ಕೆ ಕಲಿಕೆಯ ಹಂತದಲ್ಲಿ 10ರಿಂದ 15 ಕೆ.ಜಿ.-ಸೆಂ.ಮೀ. ನಡೆಯುತ್ತದೆ. ಬಂಡೆಗಳ ಮೇಲೆ ನಿಜವಾಗಿಯೂ ಆಡಬೇಕೆಂದರೆ 20ರಿಂದ 25 ಇರಲಿ. ಹಿತ್ತಾಳೆಯ ತೂಕ ಹಾಕಿದ, ಅಥವಾ 2.2 ಇಂಚಿನ ದೊಡ್ಡ ಗಾಲಿಗಳ ವಾಹನಕ್ಕೆ 30 ಅಥವಾ ಅದಕ್ಕೂ ಮೇಲೆ ಬೇಕಾಗುತ್ತದೆ.

ಅದಕ್ಕಿಂತಲೂ ಹೆಚ್ಚಿದ್ದರೆ ಒಳ್ಳೆಯದಲ್ಲವೇ ಎಂದು ಕೇಳಬಹುದು. ಸರ್ವೋದ ಬಲ ಹೆಚ್ಚಿದಂತೆ ಅದು ಎಳೆಯುವ ವಿದ್ಯುತ್ತೂ ಹೆಚ್ಚುತ್ತದೆ. ಮುಂದಿನ ಕೊಂಡಿ, ತೋಳು, ಗಾಲಿಯ ಕೀಲುಗಳ ಮೇಲೆ ಬೀಳುವ ಒತ್ತಡವೂ ಹೆಚ್ಚುತ್ತದೆ. ಸರ್ವೋ ಬಗ್ಗದಿದ್ದರೆ ಬೇರೊಂದು ಪ್ಲಾಸ್ಟಿಕ್ ಭಾಗ ಮುರಿಯುತ್ತದೆ. ಆದ್ದರಿಂದ ವಾಹನಕ್ಕೆ ತಕ್ಕಷ್ಟೇ ಬಲ ಇರುವುದು ವಿವೇಕ.

ವಿದ್ಯುತ್ ಪೂರೈಕೆ

ಅನೇಕರು ಮರೆಯುವ ಭಾಗ ಇದು. ವಾಹನದ ಬ್ಯಾಟರಿಯಿಂದ ಮುಖ್ಯ ಮೋಟಾರಿಗೆ ವಿದ್ಯುತ್ತು ಹಂಚುವ ‘ಇ.ಎಸ್.ಸಿ.’ ಎಂಬ ನಿಯಂತ್ರಕದೊಳಗೆ ‘ಬಿ.ಇ.ಸಿ.’ ಎಂಬ ಉಪವಿಭಾಗವಿರುತ್ತದೆ. ಬ್ಯಾಟರಿಯ ವೋಲ್ಟೇಜನ್ನು 5, 6 ಅಥವಾ 7.4 ವೋಲ್ಟ್‌ಗೆ ಇಳಿಸಿ ರಿಸೀವರಿಗೂ ಸರ್ವೋಗೂ ಕೊಡುವುದು ಇದರ ಕೆಲಸ. ಸಾಧಾರಣ ಇ.ಎಸ್.ಸಿ.ಗಳಲ್ಲಿ ಇದರ ಸಾಮರ್ಥ್ಯ 2ರಿಂದ 3 ಆಂಪಿಯರ್. ಬಲಶಾಲಿಯಾದ ಸರ್ವೋ ಸ್ಟಾಲ್ ಆದಾಗ 4 ಆಂಪಿಯರ್ ಅಥವಾ ಅದಕ್ಕೂ ಹೆಚ್ಚು ಕೇಳುತ್ತದೆ. ಕೊಡಲಾಗದ ಬಿ.ಇ.ಸಿ.ಯ ವೋಲ್ಟೇಜು ಕುಸಿಯುತ್ತದೆ; ಅದೇ ವಿದ್ಯುತ್ತಿನಿಂದ ನಡೆಯುವ ರಿಸೀವರು ಕಣ್ಣು ಮುಚ್ಚಿ ಮತ್ತೆ ಮೊದಲಿನಿಂದ ಚಾಲೂ ಆಗುತ್ತದೆ. ಪುಣೆಯ ಹುಡುಗನ ವಾಹನ ಎರಡು ಕ್ಷಣ ಸತ್ತಂತಾಗುತ್ತಿದ್ದುದು ಇದರಿಂದಲೇ. ದೊಡ್ಡ ಸರ್ವೋ ಹಾಕಿದಾಗ ತೊಂದರೆ ಹೆಚ್ಚಿದ್ದೂ ಇದರಿಂದಲೇ.

ತಂತಿಯೂ ತನ್ನ ಪಾಲನ್ನು ಕಸಿಯುತ್ತದೆ. ಸರ್ವೋಗಳಲ್ಲಿ ಕಾಣುವ 26 ಗೇಜಿನ ಸಣ್ಣ ತಂತಿ 30 ಸೆಂ.ಮೀ. ಉದ್ದವಿದ್ದರೆ, ಹೋಗುವ ಮತ್ತು ಬರುವ ಎರಡೂ ಎಳೆ ಸೇರಿ 4 ಆಂಪಿಯರ್ ಹರಿವಿಗೆ ಸುಮಾರು 0.3 ವೋಲ್ಟ್ ನಷ್ಟವಾಗುತ್ತದೆ. ಅದೇ ಉದ್ದದ ದಪ್ಪನಾದ 22 ಗೇಜಿನ ತಂತಿಯಲ್ಲಿ ನಷ್ಟ 0.13 ವೋಲ್ಟ್ ಮಾತ್ರ. ಉದ್ದ ಹೆಚ್ಚಿಸುವ ಜೋಡಣೆ ತಂತಿಗಳನ್ನು ಆದಷ್ಟು ದೂರವಿಡುವುದು ಲೇಸು.

ಪರಿಹಾರಗಳು ಎರಡು. ಮೊದಲನೆಯದು, ಬ್ಯಾಟರಿಯಿಂದ ನೇರವಾಗಿ ವಿದ್ಯುತ್ತು ಪಡೆಯುವ ಪ್ರತ್ಯೇಕ ಬಿ.ಇ.ಸಿ. ಅಳವಡಿಸುವುದು. ಸರ್ವೋದ ಸ್ಟಾಲ್ ಹರಿವಿಗಿಂತ ಒಂದೂವರೆ ಪಟ್ಟು ಸಾಮರ್ಥ್ಯದ್ದನ್ನು ಆರಿಸಬೇಕು. ಅದನ್ನು ರಿಸೀವರಿಗೆ ಜೋಡಿಸುವುದಾದರೆ ಇ.ಎಸ್.ಸಿ.ಯಿಂದ ರಿಸೀವರಿಗೆ ಬರುವ ಕೆಂಪು ತಂತಿಯನ್ನು ಬಿಡಿಸಿ, ತುದಿಗೆ ಟೇಪು ಸುತ್ತಬೇಕು; ಎರಡು ಮೂಲಗಳು ಒಂದೇ ಕಡೆ ಸೇರಬಾರದು. ಬಿ.ಇ.ಸಿ.ಯನ್ನು ನೇರವಾಗಿ ಸರ್ವೋಗೆ ಮಾತ್ರ ಜೋಡಿಸಿದರೆ ಇನ್ನೂ ಒಳ್ಳೆಯದು. ಆದರೆ ಆಗ ಸರ್ವೋದ ಸಂಕೇತದ ತಂತಿ ಹಾಗೂ ಋಣ ತಂತಿ ಎರಡೂ ರಿಸೀವರಿಗೆ ಸೇರಿರಲೇಬೇಕು.

ಎರಡನೆಯದು, ಬ್ಯಾಟರಿಗೇ ನೇರವಾಗಿ ಜೋಡಿಸಬಹುದಾದ ಹೆಚ್ಚು ವೋಲ್ಟೇಜಿನ ಸರ್ವೋ ಕೊಳ್ಳುವುದು. ಎರಡು ಕೋಶಗಳ ಲಿಪೋ ಬ್ಯಾಟರಿ ಪೂರ್ತಿ ತುಂಬಿದಾಗ 8.4 ವೋಲ್ಟ್, ಮೂರು ಕೋಶಗಳದ್ದು 12.6 ವೋಲ್ಟ್ ಇರುತ್ತದೆ. ಸರ್ವೋದ ವಿವರಪಟ್ಟಿಯಲ್ಲಿ ಆ ಅಂಕಿ ಸ್ಪಷ್ಟವಾಗಿ ನಮೂದಾಗಿದ್ದರೆ ಮಾತ್ರ ಹೀಗೆ ಮಾಡಬೇಕು. 6 ವೋಲ್ಟ್‌ನ ಸರ್ವೋವನ್ನು 8.4 ವೋಲ್ಟ್‌ಗೆ ಜೋಡಿಸಿದರೆ ಅದು ಸುಟ್ಟುಹೋಗುವ ಸಂಭವವೇ ಹೆಚ್ಚು.

ಕೊಳ್ಳುವಾಗ ಗಮನಿಸಬೇಕಾದ ಇತರ ಅಂಶಗಳು

ಗೇರುಗಳು: ಕ್ರಾಲರ್‌ಗೆ ಪ್ಲಾಸ್ಟಿಕ್ ಗೇರು ಬೇಡ. ಉಕ್ಕಿನ ಅಥವಾ ಟೈಟೇನಿಯಂ ಮಿಶ್ರಲೋಹದ ಗೇರು ಉತ್ತಮ. ‘ಲೋಹದ ಗೇರು’ ಎಂದಷ್ಟೇ ಬರೆದಿದ್ದರೆ ಒಂದೆರಡು ಗೇರು ಹಿತ್ತಾಳೆ ಅಥವಾ ಅಲ್ಯೂಮಿನಿಯಂನದ್ದಾಗಿರಬಹುದು, ಕೇಳಿ ತಿಳಿದುಕೊಳ್ಳಬೇಕು. ಹೊರದಂಡಕ್ಕೆ ಎರಡು ಬಾಲ್ ಬೇರಿಂಗ್ ಇದ್ದರೆ ಅದು ಅಲುಗದೆ ನಿಲ್ಲುತ್ತದೆ.

ಮೋಟಾರು: ಸಾಧಾರಣ ಬ್ರಷ್ ಮೋಟಾರು ಅಗ್ಗ. ಕಬ್ಬಿಣದ ತಿರುಳಿಲ್ಲದ ಕೋರ್‌ಲೆಸ್ ಮೋಟಾರು ಚುರುಕು ಮತ್ತು ನಯ. ಬ್ರಷ್ಷೇ ಇಲ್ಲದ ಬ್ರಷ್‌ಲೆಸ್ ಮೋಟಾರಿನಲ್ಲಿ ಸವೆಯುವ ಭಾಗ ಕಡಿಮೆಯಾದ್ದರಿಂದ ಆಯುಷ್ಯ ಹೆಚ್ಚು, ಬೆಲೆಯೂ ಹೆಚ್ಚು. ವಾರಕ್ಕೊಮ್ಮೆ ಆಡುವವರಿಗೆ ಮೊದಲೆರಡು ಬಗೆ ಸಾಕು.

ಅನಲಾಗ್ ಮತ್ತು ಡಿಜಿಟಲ್: ಅನಲಾಗ್ ಸರ್ವೋ ತನ್ನ ಮೋಟಾರನ್ನು ಸೆಕೆಂಡಿಗೆ ಸುಮಾರು 50 ಬಾರಿ ಸರಿಪಡಿಸಿದರೆ ಡಿಜಿಟಲ್ ಸರ್ವೋ ಸುಮಾರು 300 ಬಾರಿ ಸರಿಪಡಿಸುತ್ತದೆ. ಆದ್ದರಿಂದ ಅದು ಹಿಡಿದ ಕೋನವನ್ನು ಬಿಡುವುದಿಲ್ಲ. ಕ್ರಾಲರ್‌ಗೆ ಡಿಜಿಟಲ್ ಸರ್ವೋವೇ ಸರಿ. ಹೊರೆಯಿದ್ದಾಗ ಸಣ್ಣಗೆ ಗುಂಯ್‌ಗುಡುವುದು ಅದರ ಸ್ವಭಾವ, ದೋಷವಲ್ಲ.

ದಂಡದ ಹಲ್ಲುಗಳು: ಸರ್ವೋದ ತೋಳು ಕೂರುವ ದಂಡಕ್ಕೆ ಫುಟಾಬಾ ಮಾದರಿಯಲ್ಲಿ 25, ಹೈಟೆಕ್ ಮಾದರಿಯಲ್ಲಿ 24, ಜೆ.ಆರ್. ಮಾದರಿಯಲ್ಲಿ 23 ಹಲ್ಲುಗಳಿರುತ್ತವೆ. ಒಂದರ ತೋಳು ಇನ್ನೊಂದಕ್ಕೆ ಕೂರದು. ಬಲವಂತವಾಗಿ ಕೂರಿಸಿದರೆ ಹಲ್ಲು ಸವೆಯುತ್ತದೆ. ಇಂದು ಹೆಚ್ಚಾಗಿ ಸಿಗುವುದು 25 ಹಲ್ಲಿನದು. ಪೆಟ್ಟಿಗೆಯೊಂದಿಗೆ ಬರುವ ಪ್ಲಾಸ್ಟಿಕ್ ತೋಳಿನ ಬದಲು, ಸ್ಕ್ರೂನಿಂದ ಬಿಗಿಯಬಹುದಾದ ಅಲ್ಯೂಮಿನಿಯಂ ತೋಳನ್ನು ಜೊತೆಗೇ ಕೊಳ್ಳುವುದು ಒಳಿತು.

ನೀರಿನ ರಕ್ಷಣೆ: ಮಳೆಗಾಲದಲ್ಲಿ ತೊರೆಯ ಬಳಿ ಆಡುವವರು ಐಪಿ67 ಎಂಬ ಗುರುತನ್ನು ನೋಡಬಹುದು. ಧೂಳಿನಿಂದ ಪೂರ್ಣ ರಕ್ಷಣೆ ಹಾಗೂ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷದವರೆಗೆ ರಕ್ಷಣೆ ಎಂಬುದು ಅದರ ಅರ್ಥ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು

ಬೇಕಾದ ಸಲಕರಣೆಗಳು ಇಷ್ಟೆ: ಒಂದು ಮಲ್ಟಿಮೀಟರ್, ಊರಿಗೆ ಹೊರಡುವಾಗ ಸೂಟ್‌ಕೇಸ್ ತೂಗಲು ಬಳಸುವ ಕೊಕ್ಕೆಯ ಡಿಜಿಟಲ್ ತಕ್ಕಡಿ, ಒಂದು ಮರದ ಹಲಗೆ, ಗಟ್ಟಿ ದಾರ, ನಾಲ್ಕು ಸ್ಕ್ರೂ. ಚಿಕ್ಕ ಮಕ್ಕಳನ್ನು ದೂರವಿರಿಸಿ, ಬೆರಳುಗಳನ್ನು ತೋಳಿನ ದಾರಿಯಿಂದ ಆಚೆಗಿರಿಸಿ, ಹಿರಿಯರೊಬ್ಬರ ಸಮ್ಮುಖದಲ್ಲಿ ಪರೀಕ್ಷೆ ನಡೆಸಬೇಕು.

1. ಕೈ ಪರೀಕ್ಷೆ: ವಿದ್ಯುತ್ತು ಕೊಡದೆ ದಂಡವನ್ನು ಹಿಡಿದು ಪಕ್ಕಕ್ಕೆ ಅಲುಗಿಸಿ ನೋಡಬೇಕು. ಲೊಟಲೊಟ ಎಂದರೆ ಬೇರಿಂಗ್ ಸಡಿಲ. ತೋಳನ್ನು ಮೆಲ್ಲಗೆ ತಿರುಗಿಸಿದಾಗ ನಡುವೆ ಎಲ್ಲಿಯಾದರೂ ತಡೆ ಅನಿಸಿದರೆ ಗೇರಿನಲ್ಲಿ ದೋಷವಿದೆ.

2. ನಡುಸ್ಥಾನದ ಪರೀಕ್ಷೆ: ವಿದ್ಯುತ್ತು ಕೊಟ್ಟು, ಹಲಗೆಯ ಮೇಲೆ ತೋಳಿನ ತುದಿಯ ಸ್ಥಾನವನ್ನು ಪೆನ್ಸಿಲಿನಿಂದ ಗುರುತಿಸಿಕೊಳ್ಳಬೇಕು. ಎಡಕ್ಕೆ ಹತ್ತು ಬಾರಿ, ಬಲಕ್ಕೆ ಹತ್ತು ಬಾರಿ ತಿರುಗಿಸಿ ಬಿಟ್ಟಾಗ ಪ್ರತಿ ಸಲವೂ ಅದೇ ಗೆರೆಗೆ ಮರಳಬೇಕು. ಎಡದಿಂದ ಬಂದಾಗ ಒಂದು ಕಡೆ, ಬಲದಿಂದ ಬಂದಾಗ ಇನ್ನೊಂದು ಕಡೆ ನಿಂತರೆ ಅಂಥ ಸರ್ವೋವನ್ನು ಮರಳಿಸುವುದು ಮೇಲು.

3. ಬಲದ ಪರೀಕ್ಷೆ: ಸರ್ವೋವನ್ನು ಹಲಗೆಗೆ ಸ್ಕ್ರೂಗಳಿಂದ ಭದ್ರವಾಗಿ ಬಿಗಿಯಬೇಕು. ಲೋಹದ ತೋಳಿನಲ್ಲಿ ದಂಡದ ನಡುವಿನಿಂದ ಸರಿಯಾಗಿ 2 ಸೆಂ.ಮೀ. ದೂರದ ತೂತಿಗೆ ದಾರ ಕಟ್ಟಿ, ದಾರವನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ, ತಕ್ಕಡಿಯ ಇನ್ನೊಂದು ತುದಿಯನ್ನು ಹಲಗೆಯ ಮೊಳೆಗೆ ಹಾಕಬೇಕು. ದಾರ ಬಿಗಿಯಾದಾಗ ತೋಳು ಮತ್ತು ದಾರ ಲಂಬಕೋನದಲ್ಲಿರುವಂತೆ ನೋಡಿಕೊಳ್ಳಬೇಕು. ಕೋನ ಓರೆಯಾದರೆ ಲೆಕ್ಕವೂ ಓರೆ. ರಿಮೋಟಿನ ಚಕ್ರವನ್ನು ನಿಧಾನವಾಗಿ ತಿರುಗಿಸಿ, ಗರಿಷ್ಠ ತೂಕವನ್ನು ಓದಿಕೊಂಡು ತಕ್ಷಣ ಬಿಡಬೇಕು. ಒಂದೆರಡು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಮುಂದಿನ ಸಲಕ್ಕೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು. ತಕ್ಕಡಿ 8 ಕೆ.ಜಿ. ತೋರಿಸಿದರೆ ಟಾರ್ಕ್ 8 ಗುಣಿಸು 2, ಅಂದರೆ 16 ಕೆ.ಜಿ.-ಸೆಂ.ಮೀ.

4. ವೋಲ್ಟೇಜ್ ಪರೀಕ್ಷೆ: ಎಲ್ಲಕ್ಕಿಂತ ಮುಖ್ಯವಾದುದು ಇದೇ. ಬಲದ ಪರೀಕ್ಷೆ ನಡೆಯುತ್ತಿರುವಾಗಲೇ ರಿಸೀವರಿನ ಖಾಲಿ ಇರುವ ಒಂದು ಸಾಲಿನಲ್ಲಿ ಮಲ್ಟಿಮೀಟರಿನಿಂದ ವೋಲ್ಟೇಜನ್ನು ಅಳೆಯಬೇಕು. ಇಂದಿನ ರಿಸೀವರುಗಳಲ್ಲಿ ಮೂರು ಕಡ್ಡಿಗಳ ಪೈಕಿ ನಡುವಿನದು ಧನ. ಕಪ್ಪು ಅಥವಾ ಕಂದು ತಂತಿಯ ಕಡೆಯದು ಋಣ. ಮಲ್ಟಿಮೀಟರಿನ ಮೊನೆಗಳು ಎರಡು ಕಡ್ಡಿಗಳನ್ನು ಒಟ್ಟಿಗೆ ಮುಟ್ಟದಂತೆ ಎಚ್ಚರ ಬೇಕು. ಸರ್ವೋ ಸುಮ್ಮನಿದ್ದಾಗ 6 ವೋಲ್ಟ್ ಇದ್ದು, ತಳ್ಳುವಾಗ 5.7ಕ್ಕೆ ಇಳಿದರೆ ಚಿಂತೆಯಿಲ್ಲ. 5ಕ್ಕಿಂತ ಕೆಳಗೆ ಕುಸಿದರೆ ಸರ್ವೋ ಮೇಲೆ ತಪ್ಪು ಹೊರಿಸಬಾರದು, ಬಿ.ಇ.ಸಿ. ಸಾಲದೆಂದು ತಿಳಿಯಬೇಕು. ಸಾಮಾನ್ಯ ಮಲ್ಟಿಮೀಟರು ಕ್ಷಣಿಕ ಕುಸಿತವನ್ನು ಹಿಡಿಯಲಾರದು. ಕನಿಷ್ಠ ಅಂಕಿಯನ್ನು ನೆನಪಿಡುವ ಮಾದರಿ ಇದ್ದರೆ ಉತ್ತಮ.

ಈ ಎರಡು ಪರೀಕ್ಷೆಗಳ ಫಲವನ್ನು ಜೊತೆಯಾಗಿಯೇ ಓದಬೇಕು. ವೋಲ್ಟೇಜು ಸ್ಥಿರವಾಗಿದ್ದು ಟಾರ್ಕ್ ಮಾತ್ರ ಪೆಟ್ಟಿಗೆಯ ಅಂಕಿಗಿಂತ ತೀರ ಕಡಿಮೆ ಬಂದರೆ ದೋಷ ಸರ್ವೋದ್ದು. ಎರಡೂ ಒಟ್ಟಿಗೆ ಕುಸಿದರೆ ದೋಷ ವಿದ್ಯುತ್ತಿನದು. ಪೆಟ್ಟಿಗೆಯಲ್ಲಿ ಹೇಳಿದ ವೋಲ್ಟೇಜಿನಲ್ಲಿಯೇ ಅಳೆದು, ಅಲ್ಲಿ ಹೇಳಿದ ಟಾರ್ಕಿನ ಐದರಲ್ಲಿ ನಾಲ್ಕು ಪಾಲು ಬಂದರೂ ಆ ಸರ್ವೋ ಪ್ರಾಮಾಣಿಕವೆಂದು ನಾವು ಎಣಿಸುತ್ತೇವೆ. ಮನೆಯ ತಕ್ಕಡಿಯಲ್ಲಿಯೂ ಒಂದಿಷ್ಟು ತಪ್ಪಿರುತ್ತದೆ ಎಂಬುದನ್ನು ಮರೆಯಬಾರದು.

5. ಬಿಸಿಯ ಪರೀಕ್ಷೆ: ಸಾಧಾರಣ ಹೊರೆಯೊಂದಿಗೆ ಐದು ನಿಮಿಷ ಎಡಬಲ ತಿರುಗಿಸಿ, ವಿದ್ಯುತ್ತು ತೆಗೆದು ಪೆಟ್ಟಿಗೆಯನ್ನು ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಸರಿ. ಬೆರಳಿಡಲಾಗದಷ್ಟು ಸುಡುತ್ತಿದ್ದರೆ ಅಥವಾ ಕಮಟು ವಾಸನೆ ಬಂದರೆ ಮುಂದುವರಿಸಬಾರದು.

ವಾಹನಕ್ಕೆ ಜೋಡಿಸುವ ಕ್ರಮ

ತೋಳನ್ನು ಕೂರಿಸುವ ಮೊದಲು ರಿಮೋಟಿನ ಟ್ರಿಮ್ ಸೊನ್ನೆಗಿಟ್ಟು, ವಿದ್ಯುತ್ತು ಕೊಟ್ಟು, ಸರ್ವೋವನ್ನು ನಡುಸ್ಥಾನಕ್ಕೆ ತರಬೇಕು. ಆನಂತರವೇ ತೋಳನ್ನು ನೇರವಾಗಿ ಕೂರಿಸಿ ಬಿಗಿಯಬೇಕು. ಲೋಹದ ದಂಡಕ್ಕೆ ಹೋಗುವ ಸ್ಕ್ರೂಗೆ ಒಂದು ಹನಿ ನೀಲಿ ಬಣ್ಣದ ಥ್ರೆಡ್‌ಲಾಕರ್ ಹಾಕಿದರೆ ಅದು ಸಡಿಲವಾಗುವುದಿಲ್ಲ.

ತೋಳಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಇಪ್ಪತ್ತು ಕೆ.ಜಿ. ಸರ್ವೋಗೆ 2.5 ಸೆಂ.ಮೀ. ತೋಳು ಹಾಕಿದರೆ ಕೊಂಡಿಯನ್ನು ತಳ್ಳುವ ಬಲ 8 ಕೆ.ಜಿ.; 2 ಸೆಂ.ಮೀ. ಹಾಕಿದರೆ 10 ಕೆ.ಜಿ. ಗಾಲಿ ಪೂರ್ತಿ ತಿರುಗಲು ಎಷ್ಟು ಉದ್ದ ಬೇಕೋ ಅದಕ್ಕಿಂತ ಹೆಚ್ಚು ಉದ್ದದ ತೋಳು ಹಾಕುವುದೆಂದರೆ ಹಣ ಕೊಟ್ಟು ಕೊಂಡ ಬಲವನ್ನು ಕೈಯಾರೆ ಚೆಲ್ಲಿದಂತೆ.

ಕೊನೆಯದಾಗಿ, ಗಾಲಿ ತನ್ನ ಅಂಚಿಗೆ ತಾಗಿ ನಿಂತ ಮೇಲೂ ಸರ್ವೋ ತಳ್ಳುತ್ತಿರದಂತೆ ರಿಮೋಟಿನಲ್ಲಿ ತಿರುವಿನ ಎಲ್ಲೆಯನ್ನು ನಿಗದಿಪಡಿಸಬೇಕು. ಚಕ್ರವನ್ನು ಪೂರ್ತಿ ತಿರುಗಿಸಿದಾಗ ಸರ್ವೋ ಒಂದೇ ಸಮನೆ ಜೋರಾಗಿ ಗುಂಯ್‌ಗುಟ್ಟುತ್ತಿದ್ದರೆ ಎಲ್ಲೆ ಹೆಚ್ಚಾಗಿದೆ ಎಂದರ್ಥ; ಸದ್ದು ನಿಲ್ಲುವವರೆಗೆ ತಗ್ಗಿಸಬೇಕು. ಎಡಕ್ಕೆ ಬೇರೆ, ಬಲಕ್ಕೆ ಬೇರೆ ನೋಡಬೇಕು. ಈ ಎರಡು ನಿಮಿಷದ ಕೆಲಸವನ್ನು ಮಾಡದೆ ಸುಟ್ಟುಕೊಂಡ ಸರ್ವೋಗಳು ಬಹಳ.

ಬಂಡೆಯ ಮೇಲೆ

ಮೊದಲ ದಿನವೇ ದೊಡ್ಡ ಬಂಡೆ ಬೇಡ. ಇಟ್ಟಿಗೆ ಗಾತ್ರದ ಎರಡು ಕಲ್ಲುಗಳ ನಡುವೆ ಮುಂದಿನ ಗಾಲಿಯನ್ನು ಸಿಕ್ಕಿಸಿ, ವಾಹನವನ್ನು ಮುಂದೆ ಹಿಂದೆ ಓಡಿಸದೆ, ಗಾಲಿ ಎಷ್ಟು ತಿರುಗುತ್ತದೆಂದು ನೋಡಬೇಕು. ಅನಂತರ ಮುಖ್ಯ ಮೋಟಾರನ್ನೂ ಜೊತೆಗೆ ನಡೆಸಿ ನೋಡಬೇಕು. ಎರಡೂ ಒಟ್ಟಿಗೆ ವಿದ್ಯುತ್ತು ಎಳೆದಾಗಲೇ ದೌರ್ಬಲ್ಯ ಬಯಲಾಗುವುದು. ಬ್ಯಾಟರಿ ಅರ್ಧ ಇಳಿದ ಮೇಲೆ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡುವುದು ಒಳ್ಳೆಯದು. ಸಿಕ್ಕಿಕೊಂಡ ಗಾಲಿಯನ್ನು ಬಲವಂತವಾಗಿ ತಿರುಗಿಸುವುದಕ್ಕಿಂತ ವಾಹನವನ್ನು ಅರ್ಧ ಗೇಣು ಹಿಂದೆ ತಂದು ಮತ್ತೆ ಪ್ರಯತ್ನಿಸುವುದೇ ಈ ಆಟದ ಜಾಣ್ಮೆ. ಸರ್ವೋದ ಆಯುಷ್ಯವನ್ನು ಅದರ ಬೆಲೆಗಿಂತ ಹೆಚ್ಚಾಗಿ ಆಡಿಸುವವರ ಸಂಯಮವೇ ನಿರ್ಧರಿಸುತ್ತದೆ.

ಎಲ್ಲಿ ಕೊಳ್ಳುವುದು?

ಮಲ್ಟಿಮೀಟರ್, ತಂತಿ, ಕನೆಕ್ಟರ್ ಹಾಗೂ ಸಾಧಾರಣ ಸರ್ವೋಗಳಿಗೆ ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ಪುಣೆಯ ಬುಧವಾರ ಪೇಠ, ಚೆನ್ನೈಯ ರಿಚ್ಚಿ ಸ್ಟ್ರೀಟ್, ಹೈದರಾಬಾದಿನ ಕೋಠಿ, ದೆಹಲಿಯ ಲಜಪತ್ ರಾಯ್ ಮಾರ್ಕೆಟ್ ಹಾಗೂ ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರೋಡ್ ಅನುಕೂಲ. ಕ್ರಾಲರ್‌ಗೆಂದೇ ತಯಾರಾದ ಸರ್ವೋಗಳಿಗೆ ಹವ್ಯಾಸಿ ವಾಹನಗಳ ಅಂಗಡಿಗಳನ್ನೇ ಆಶ್ರಯಿಸಬೇಕು. ಬೆಲೆ ಕೆಲವು ನೂರು ರೂಪಾಯಿಗಳಿಂದ ಹತ್ತು ಸಾವಿರವನ್ನು ಮೀರಿಯೂ ಇರುತ್ತದೆ. ಅಗ್ಗದ ಸರ್ವೋ ಮೇಲೆ ದೊಡ್ಡ ಅಂಕಿ ಅಚ್ಚಾಗಿದ್ದರೆ ಸಂಶಯಪಡುವುದು ಒಳ್ಳೆಯದು. ಮೂರು ಪ್ರಶ್ನೆಗಳನ್ನು ಕೇಳಿ: ಈ ಟಾರ್ಕ್ ಯಾವ ವೋಲ್ಟೇಜಿನದು? ಸ್ಟಾಲ್ ಆದಾಗ ಎಷ್ಟು ಆಂಪಿಯರ್? ಕೆಟ್ಟರೆ ಗೇರುಗಳು ಬಿಡಿಯಾಗಿ ಸಿಗುತ್ತವೆಯೇ? ಉತ್ತರ ಸಿಗದಿದ್ದರೆ ಮುಂದಿನ ಅಂಗಡಿಗೆ ಹೋಗಬಹುದು.

ಪುಣೆಯ ಆ ಮನೆಗೆ ನಾವು ಮತ್ತೆ ಹೋಗಿದ್ದಾಗ ವಾಹನವನ್ನು ಅಟ್ಟದಿಂದ ಇಳಿಸಿ ಮೇಲೆ ಹೇಳಿದ ನಾಲ್ಕನೆಯ ಪರೀಕ್ಷೆ ಮಾಡಿಸಿದೆವು. ಸರ್ವೋ ತಳ್ಳಿದೊಡನೆ ಮಲ್ಟಿಮೀಟರಿನ ಅಂಕಿ ಜಾರಿ ಬಿದ್ದದ್ದನ್ನು ತಂದೆ ಮಗ ಇಬ್ಬರೂ ಬಗ್ಗಿ ನೋಡಿದರು. ಒಂದು ಪ್ರತ್ಯೇಕ ಬಿ.ಇ.ಸಿ. ಹಾಕಿದ ಮೇಲೆ ಹುಡುಗನ ಮೊದಲನೆಯ ಸರ್ವೋವೇ ಸರಿಯಾಗಿ ಕೆಲಸ ಮಾಡಿತು. “ಹಾಗಾದ್ರೆ ನಾನು ದುಡ್ಡು ಹಾಳು ಮಾಡಿರಲಿಲ್ಲ ಅಲ್ವಾ ಅಪ್ಪಾ?” ಎಂದು ಹುಡುಗ ಕೇಳಿದ. ತಂದೆ ಕೂಡಲೇ ಉತ್ತರಿಸಲಿಲ್ಲ. ಮುಂದಿನ ಭಾನುವಾರ ತಾವೂ ಬಂಡೆಯ ಬಳಿಗೆ ಬರುವುದಾಗಿ ಹೇಳಿದರು.

ಮಕ್ಕಳು ಕೆಟ್ಟ ವಸ್ತುವನ್ನು ಎಸೆಯುವ ಮುನ್ನ ಅಳೆದು ನೋಡುವ ಅಭ್ಯಾಸವನ್ನು ಈ ಆಟದಿಂದ ಕಲಿತರೆ, ಸರ್ವೋಗೆ ಕೊಟ್ಟ ಹಣ ವ್ಯರ್ಥವಾಗಲಿಲ್ಲವೆಂದೇ ನಾವು ಭಾವಿಸುತ್ತೇವೆ.